ಅಣುಮಾನ

ಜುಲೈ 12, ಶನಿವಾರ

ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ. ತುಮಕೂರಿನ ಶೆಟ್ಟಿಹಳ್ಳಿ ನಿವಾಸಿಯೂ ಪಿಯು ಕಾಲೇಜಿನ ಕನ್ನಡ ಉಪನ್ಯಾಸಕನೂ ನಲವತ್ತೆಂಟು ವರ್ಷದವನೂ ಆದ ಅನಂತರಾಜು ಎಂಬ ನಾನು, ಇಂದು ಬೆಳಗ್ಗೆ ಏಳೂಕಾಲಿಗೆ, ಧರ್ಮಪತ್ನಿ ಸ್ನಾನಕ್ಕೆ ಹೋದ ಸಮಯ ಸಾಧಿಸಿ, ಆಕೆಯ ವ್ಯಾನಿಟಿ ಬ್ಯಾಗಿನಿಂದ ಒಂದು ಹಾಳೆ ಕದ್ದೆ. ಬ್ಯಾಗಿನಲ್ಲಿ ಬಾಚಣಿಗೆ, ಬಸ್ ಪಾಸ್, ಎರಡು ಪೆಪ್ಪರ್‌ಮೆಂಟ್ ಸಹ ಇದ್ದವು. ಒಂದನ್ನೂ ಮುಟ್ಟಲಿಲ್ಲ. ಒಂದು ಪೆಪ್ಪರ್‌ಮೆಂಟ್ ಮುಟ್ಟಿದೆ. ನ್ಯಾಯಾಲಯ ಕ್ಷಮಿಸಬೇಕು.

ಅಪರಾಧಕ್ಕೆ ಹಿನ್ನೆಲೆ ಇದೆ. ನೇತ್ರಾವತಿ ಕೋರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಾಳೆ. ಅಲ್ಲಿಗೆ ಎರಡು ವರ್ಷದ ಹಿಂದೆ ಅತೀಕ್ ಎಂಬ ವಿಜ್ಞಾನದ ಮೇಷ್ಟ್ರು ಬಂದ. ಗುಬ್ಬಿಯವನು, ಮೂವತ್ತೆರಡು ವಯಸ್ಸು, ತಲೆ ತುಂಬ ಕೂದಲು. ಹೆಸರಿನಲ್ಲೇ ‘ಅತಿ’ ಇದೆ. ಅತಿಯಾದರೆ ಅಮೃತವೂ ವಿಷ. ಜಿಲ್ಲೆಯ ಶಿಕ್ಷಕರ ಗೆಳೆಯರ ಕೂಟದವರು ಮೇಷ್ಟ್ರುಗಳಿಗೇ ಚರ್ಚಾ ಸ್ಪರ್ಧೆ ಇಟ್ಟಿದ್ದಾರೆ. ಒಂದು ಶಾಲೆಗೆ ಇಬ್ಬರು. ವಿಷಯ: ‘ಯುದ್ಧ ಕೊನೆಗಾಣಿಸಲು ಅಣ್ವಸ್ತ್ರ ಬಳಸುವುದು ಸಮರ್ಥನೀಯ.’ ಕೋರ ಶಾಲೆಗೆ ಚೀಟಿಯಲ್ಲಿ ಬಂದದ್ದು ವಿರೋಧ. ಹೋಗುವವರು ಅತೀಕ್ ಮತ್ತು ನನ್ನ ಹೆಂಡತಿ.

ಇಪ್ಪತ್ತೇಳು ವರ್ಷದಿಂದ ವೇದಿಕೆ ಹತ್ತದವಳು ನೇತ್ರಾವತಿ. ‘ನೀವ್ ಹತ್ತಿ ಮೇಡಂ, ನಾನಿದೀನಲ್ಲ’ ಅಂದನಂತೆ. ಹತ್ತುತ್ತಾಳಂತೆ!

ಕದ್ದ ಹಾಳೆ ಅವಳ ಭಾಷಣದ ಮೂರನೇ ಪುಟ. ಅದರಲ್ಲಿ ಹೀಗಿದೆ: ‘ಬಾಂಬಿಗೆ ವಿಳಾಸ ಇರುತ್ತದೆ, ಗಾಳಿಗೆ ಇರುವುದಿಲ್ಲ. ಕಡಿಮೆ ಜನ ಸತ್ತರು ಎಂದು ಲೆಕ್ಕ ಹಾಕುವವರು ಯಾವಾಗಲೂ ಬದುಕಿರುವವರೇ.’

ಅಕ್ಷರ ಅವಳದೇ. ಆದರೆ ಇಷ್ಟು ಒಳ್ಳೆಯ ವಾಕ್ಯ ನನ್ನ ಮನೆಯಲ್ಲಿ ನನಗೆ ತಿಳಿಯದೆ ಹುಟ್ಟಲು ಸಾಧ್ಯವಿಲ್ಲ. ಅತೀಕನೇ ಬರೆದುಕೊಟ್ಟಿದ್ದಾನೆ.

ನನಗೆ ಹೊಟ್ಟೆಕಿಚ್ಚಿಲ್ಲ. ಹೊಟ್ಟೆ ಉರಿಯುತ್ತಿರುವುದು ನಿಜ, ಅದು ಗ್ಯಾಸ್ಟ್ರಿಕ್. ಜೆಲುಸಿಲ್ ಕುಡಿದೆ. ಆ ಔಷಧಿಗೆ ಆ ಹೆಸರಿಟ್ಟ ಪುಣ್ಯಾತ್ಮನಿಗೆ ಇಂಗ್ಲಿಷೂ ಗೊತ್ತಿತ್ತು, ಗಂಡಸರೂ ಗೊತ್ತಿದ್ದರು.

ಜುಲೈ 14, ಸೋಮವಾರ

ಪುಟ ಕಳೆದದ್ದು ಅವಳಿಗೆ ಗೊತ್ತಾಯಿತು. ಹುಡುಕಿದಳು ಅನ್ನುವಷ್ಟೂ ಹುಡುಕಲಿಲ್ಲ. ಬೇಳೆ ಬೇಯುವಷ್ಟರಲ್ಲಿ ಅಡುಗೆಮನೆ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ಮತ್ತೆ ಬರೆದಳು. ಮೊದಲಿಗಿಂತ ಚೆನ್ನಾಗಿತ್ತು. ಅತೀಕ್ ಚೆನ್ನಾಗಿ ಬಾಯಿಪಾಠ ಮಾಡಿಸಿರಬೇಕು.

ಚರ್ಚೆಯ ವಿಷಯದಲ್ಲಿ ನನ್ನ ಹತ್ತಿರ ಸಲಹೆ ಕೇಳದಿರುವುದು ಜೋಗದ ಪಕ್ಕ ಕೂತು ಬಾಟಲಿ ನೀರು ಕೊಂಡ ಹಾಗೆ. 1998ರಲ್ಲಿ ಇದೇ ವಿಷಯದ ಮೇಲೆ, ‘ಪರ’ವಾಗಿ ಮಾತನಾಡಿ, ವಿಶ್ವವಿದ್ಯಾಲಯ ಮಟ್ಟದಲ್ಲಿ ಚಿನ್ನದ ಪದಕ ಗೆದ್ದವನು ನಾನು. ಪೋಖ್ರಾನ್ ವರ್ಷ, ಊರೆಲ್ಲ ಅಣುವೇ. ಪದಕ ಶೋಕೇಸಿನಲ್ಲಿದೆ. ಚಿನ್ನ ಸ್ವಲ್ಪ ಬಿಟ್ಟಿದೆ, ಕೀರ್ತಿ ಬಿಟ್ಟಿಲ್ಲ.

ಅದಕ್ಕೆ ಮುಂಚೆ ನಮ್ಮ ಕಾಲೇಜಿನಲ್ಲೇ ಆಯ್ಕೆ ಸ್ಪರ್ಧೆ ಆಗಿತ್ತು. ನಾನು ಕೊನೆಯ ಬಿ.ಎ., ನೇತ್ರಾವತಿ ಮೊದಲನೆಯದು. ಅವಳಿಗೆ ಒಂದು ತೊಡಕು: ಎಣ್ಣೆ, ಬೆಣ್ಣೆ, ಸುಣ್ಣ ಸರಿಯಾಗಿಯೇ ಬರುತ್ತವೆ, ಒಂಟಿ ‘ಣ’ ಸಿಕ್ಕರೆ ನಾಲಿಗೆ ಜಾರುತ್ತದೆ. ಮೈಕಿನ ಮುಂದೆ ನಿಂತು ‘ಅನುಬಾಂಬು’ ಅಂದಳು. ಹಿಂದಿನ ಬೆಂಚಿನಿಂದ ಒಬ್ಬ, ‘ಯಾರಮ್ಮ ಆ ಅನು? ನಮ್ಗೂ ಪರಿಚಯ ಮಾಡ್ಸು!’ ಅಂತ ಕೂಗಿದ. ಸಭೆ ಐದು ನಿಮಿಷ ನಕ್ಕಿತು. ಅವಳು ಇಳಿದುಬಿಟ್ಟಳು.

ಕೂಗಿದವನು ನಾನೇ. ಸಾರ್ವಜನಿಕವಾಗಿ ನನ್ನ ಮೊದಲ ಶ್ಲೇಷೆ. ಅಂದೇ ಸಂಜೆ ಕ್ಷಮೆ ಕೇಳಲು ಹೋದೆ; ಮದುವೆಯಲ್ಲಿ ಮುಗಿಯಿತು. ಶ್ಲೇಷೆ ಎಂದರೆ ಅಪ್ಪುಗೆ ಎಂಬ ಅರ್ಥವೂ ಇದೆಯಲ್ಲ.

ಜುಲೈ 20, ಭಾನುವಾರ

ತಿಂಡಿಗೆ ಅಕ್ಕಿರೊಟ್ಟಿ, ಜೊತೆಗೆ ಅಣ್ವಸ್ತ್ರ.

ನಾನೇ ಕೆಣಕಿದೆ. ‘ಯುದ್ಧ ಇನ್ನೂ ಎರಡು ವರ್ಷ ಎಳೆದು ಹತ್ತು ಲಕ್ಷ ಜನ ಸಾಯೋದು ಒಳ್ಳೇದೋ, ಒಂದೇ ದಿನದಲ್ಲಿ ಒಂದು ಲಕ್ಷಕ್ಕೆ ಮುಗಿಯೋದು ಒಳ್ಳೇದೋ? ಕರುಣೆಗೂ ಗಣಿತ ಬೇಕು ಕಣೇ. ಕೊಳೆತ ಬೆರಳನ್ನು...’

‘ಕೊಳೆತ ಬೆರಳನ್ನು ಕತ್ತರಿಸುವ ವೈದ್ಯನನ್ನು ಕಟುಕ ಎನ್ನುವಿರಾ?’ ಎಂದು ಅವಳೇ ಮುಗಿಸಿದಳು, ರೊಟ್ಟಿ ಮಗುಚುತ್ತ. ‘ಆಮೇಲಿನ ವಾಕ್ಯಾನೂ ಹೇಳ್ಲೇನ್ರೀ?’

ಇಪ್ಪತ್ತೇಳು ವರ್ಷ ಕೇಳಿ ಕೇಳಿ ಕಂಠಪಾಠವಾಗಿದೆ, ಪಾಪ.

‘ಹಾಗಾದ್ರೆ ಉತ್ತರ ಹೇಳು.’

‘ಬೆರಳು ಯಾರ್ದು? ವೈದ್ಯ ತನ್ನ ರೋಗಿ ಬೆರಳು ಕತ್ತರಿಸ್ತಾನೆ. ಇಲ್ಲಿ ಕತ್ತರಿಸೋನು ಒಬ್ಬ, ಬೆರಳು ಇನ್ನೊಬ್ರ ಮನೆ ಮಗೂದು. ಹಾಲು ಹಾಕೋಳು, ಸ್ಕೂಲಿಗ್ ಹೋಗೋನು, ಇವ್ರು ಯಾವ ಸೇನೇಲಿದ್ರು? ಮತ್ತೆ ಆ ಹತ್ತು ಲಕ್ಷ ಸಾಯ್ತಿದ್ರು ಅಂತ ಯಾರು ನೋಡಿದ್ರು? ಆಗದೇ ಇರೋದನ್ನ ತೋರಿಸಿ ಆಗಿರೋದನ್ನ ಮಾಫಿ ಮಾಡೋಕಾಗುತ್ತಾ?’

ಚೆನ್ನಾಗಿತ್ತು. ‘ಇದು ಅತೀಕ್ ಹೇಳ್ಕೊಟ್ಟಿದ್ದಾ?’ ಅಂದೆ, ತಮಾಷೆಗೆ. ರೊಟ್ಟಿ ಸೀದುಹೋಯಿತು. ನನ್ನ ತಟ್ಟೆಗೆ ಅದೇ ಬಂತು.

ಅಮ್ಮ ಮೂಲೆಯಿಂದ, ‘ಏನ್ಲಾ ಅದು, ಅಣ್ಣು ಬಾಂಬು? ಯಾವ್ ಅಣ್ಣು?’ ಅಂದಳು. ದೊಡ್ಡಗಂಗಮ್ಮನವರ ಬಾಯಲ್ಲಿ ‘ಹ’ ಎಂಬ ಅಕ್ಷರ ಎಂದೂ ಬಾಳಿಲ್ಲ.

‘ಹಣ್ಣಲ್ಲಮ್ಮ, ಅಣು. ಒಂದೇ ಏಟಿಗೆ ಒಂದು ಊರು ಸುಟ್ಟು ಜಗಳ ನಿಲ್ಸೋದು.’

‘ತಿಗಣೆ ಕಡೀತು ಅಂತ ಮನೇಗೇ ಬೆಂಕಿ ಇಕ್ತಾರಾ? ಬುಡು ಬುಡು. ಅಂಗ್ ಮಾಡ್ದೋನು ಎಲ್ಲಿ ಮಲಗ್ತಾನೆ?’

ನೇತ್ರಾವತಿ ಅದನ್ನು ಬರೆದುಕೊಂಡಳು. ನಾನು ಇಪ್ಪತ್ತೇಳು ವರ್ಷದಲ್ಲಿ ಹೇಳಿದ ಒಂದು ಮಾತನ್ನೂ ಅವಳು ಹೀಗೆ ಓಡಿಹೋಗಿ ಬರೆದುಕೊಂಡದ್ದು ನೆನಪಿಲ್ಲ.

ಜುಲೈ 26, ಶನಿವಾರ

ಗುಬ್ಬಿ. ಮೊದಲ ಸುತ್ತು.

ನಾನು ಕೇವಲ ಪ್ರೇಕ್ಷಕ. ಪ್ರೇಕ್ಷಕ, ಪರೀಕ್ಷಕ, ಪತ್ತೇದಾರ.

ಅತೀಕ್ ಮೊದಲು ಎದ್ದ. ಮನೆಯಲ್ಲಿ ಉರ್ದು ಆಡುವವನು. ಅವನಿಗೂ ಣ ಇಲ್ಲ. ಎರಡನೇ ವಾಕ್ಯದಲ್ಲೇ ‘ಅನ್ವಸ್ತ್ರ’ ಅಂದ. ಸಭೆ ಕಿಸಕ್ಕೆಂದಿತು. ನನ್ನ ಹೊಟ್ಟೆ ತಣ್ಣಗಾಯಿತು. ಇವನು ಒಂದು ಕ್ಷಣ ನಿಂತ, ನಕ್ಕ, ಅಂದ: ‘ನನ್ನ ನಾಲಿಗೆ ತಪ್ಪಿದ್ರೂ ಮಾತು ಸರಿಯಾಗೇ ಇದೆ ಸ್ವಾಮಿ. ಅನ್ನ, ವಸ್ತ್ರ. ಅದಕ್ಕೆ ಇಡಬೇಕಾದ ದುಡ್ಡನ್ನೇ ಅಲ್ವಾ ನೀವೆಲ್ಲ ಬಾಂಬಿಗೆ ಸುರೀತಿರೋದು?’

ಚಪ್ಪಾಳೆ! ಸಿಳ್ಳೆ!

ಶ್ಲೇಷೆ! ನನ್ನ ಹೊಲದಲ್ಲಿ ಹಾಡಹಗಲೇ ಮೇಯ್ದ! ಅಣ್ವಸ್ತ್ರ, ಅನ್ನವಸ್ತ್ರ. ಮೂವತ್ತು ವರ್ಷದಿಂದ ಕನ್ನಡ ಮೇಯುತ್ತಿರುವ ನನಗೆ ಇದು ಯಾಕೆ ಹೊಳೆಯಲಿಲ್ಲ?

ನೇತ್ರಾವತಿ ಮೈಕಿನ ಮುಂದೆ ನಿಂತು ಹಾಳೆಗಳನ್ನು ಎರಡೆರಡು ಸಲ ಜೋಡಿಸಿಕೊಂಡಳು. ಅವನು ಕೆಳಗಿನಿಂದ ಹೆಬ್ಬೆರಳು ತೋರಿಸಿದ. ಅವಳು ಮಾತು ಶುರುಮಾಡಿದಳು. ನಾಲ್ಕು ಸಲ ಜಾರಿದಳು, ನಾನು ಎಣಿಸಿದೆ. ಸಭೆ ಎಣಿಸಲಿಲ್ಲ. ಗಾಳಿಗೆ ವಿಳಾಸ ಇಲ್ಲ ಎಂದಾಗ ಮುಂದಿನ ಸಾಲಿನ ಹೆಡ್‌ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಗೆದ್ದರು. ಕುಣಿಗಲ್ಲಿನಲ್ಲಿ ಅಂತಿಮ ಸುತ್ತು.

ಇಳಿದು ಬಂದವಳ ಮುಖ ನೋಡಿದೆ. ನಮ್ಮ ಮದುವೆ ಆಲ್ಬಮ್ಮಿನಲ್ಲೂ ಈ ಮುಖ ಇಲ್ಲ.

ಮಧ್ಯಾಹ್ನ ಅತೀಕನ ಮನೆಯಲ್ಲಿ ಊಟ. ಅವನಪ್ಪ ಅಜ್ಮತುಲ್ಲಾ ಸಾಹೇಬರದು ಹಾಸಿಗೆ ಹೊಲಿಯುವ ಅಂಗಡಿ. ಮೀಸೆಯ ಮೇಲೆಲ್ಲ ಹತ್ತಿ. ಅಮ್ಮ ಫಾತಿಮುನ್ನೀಸಾ ನೇತ್ರಾವತಿಯ ತಟ್ಟೆಗೆ ಪಲಾವ್ ಬಡಿಸುತ್ತ, ‘ತಿನ್ನಿ ಬೇಟಾ, ಅಷ್ಟು ಮಾತಾಡಿದೀರಿ’ ಅಂದರು. ನನಗೂ ಬಡಿಸಿದರು. ನಾನು ಏನೂ ಮಾತಾಡಿರಲಿಲ್ಲವಾದ್ದರಿಂದ ಸ್ವಲ್ಪ.

ಹೊರಡುವಾಗ ಅತೀಕ್ ಪಕ್ಕಕ್ಕೆ ಕರೆದ. ‘ಸರ್, ನಂಗೆ ಣ ಕಲಿಸ್ಕೊಡ್ತೀರಾ? ಮೇಡಂ ಹೇಳ್ತಿರ್ತಾರೆ, ನಿಮ್ಮ ಹಾಗೆ ಣ ಹೇಳೋರು ಜಿಲ್ಲೇಲೇ ಇಲ್ಲ ಅಂತ.’

‘ಖಂಡಿತಾ, ಬಿಡುವು ಮಾಡ್ಕೊಂಡು ಹೇಳ್ತೀನಿ’ ಅಂದೆ.

ಬಿಡುವು ಇಲ್ಲ. ಜೆಲುಸಿಲ್ ಖಾಲಿ.

ಜುಲೈ 30, ಬುಧವಾರ

ಶಿರಾ ಗೇಟಿನಲ್ಲಿ ಕಂಡರು. ಕೋರದ ಬಸ್ಸಿಗೆ ಕಾಯುತ್ತಿದ್ದರು. ಇವಳು ಕೈ ಬೀಸಿ ಏನೋ ವಾದಿಸುತ್ತಿದ್ದಾಳೆ, ಅವನು ನಗುತ್ತಿದ್ದಾನೆ. ನಾನು ಸ್ಕೂಟರ್ ನಿಲ್ಲಿಸಲಿಲ್ಲ. ಹಿಂದಿನ ಆಟೋದವನು ಬೈದ ಮೇಲೆ ಗೊತ್ತಾಯಿತು, ನಿಲ್ಲಿಸಿದ್ದೆ.

ಅನುಮಾನ ಇಲ್ಲ. ಇದ್ದರೂ ಅಣುಮಾನ, ಅಣುವಿನಷ್ಟು. ಅಣುವಿನೊಳಗೆ ಏನಿರುತ್ತದೆ ಎಂದು ವಿಜ್ಞಾನದ ಮೇಷ್ಟ್ರನ್ನೇ ಕೇಳಬೇಕು.

ಆಗಸ್ಟ್ 3, ಭಾನುವಾರ

ಯುದ್ಧ ಎಳೆಯುವುದು ಯಾರಿಗೂ ಒಳ್ಳೆಯದಲ್ಲ. ಇದು ಹೀಗೇ ಮುಂದುವರಿದರೆ ನನ್ನ ಹೊಟ್ಟೆ, ನಮ್ಮ ತಿಂಡಿ, ಮನೆಯ ನೆಮ್ಮದಿ ದಿನವೂ ಅಷ್ಟಷ್ಟೇ ಸಾಯುತ್ತವೆ. ಒಂದು ಏಟು, ಗುರಿ ಇಟ್ಟು ಕೊಟ್ಟರೆ, ಎಲ್ಲರಿಗೂ ಉಳಿತಾಯ.

ಕುಣಿಗಲ್ಲಿನ ತೀರ್ಪುಗಾರ ಶಿವರಾಮಯ್ಯ. ನನ್ನ ಸಹಪಾಠಿ, ಕನ್ನಡ ಪಂಡಿತ. ಫೋನ್ ಮಾಡಿದೆ. ಒಂದಿಷ್ಟು ಹಳೇ ಹುಡುಗಿಯರ ಸುದ್ದಿ, ಒಂದಿಷ್ಟು ಮಂಡಿನೋವು. ಆಮೇಲೆ ಮೆಲ್ಲಗೆ, ‘ಅಲ್ಲಯ್ಯ, ಮೇಷ್ಟ್ರುಗಳೇ ಣ-ನ ಭೇದ ಮರೆತ್ರೆ ಮಕ್ಕಳ ಗತಿ? ಉಚ್ಚಾರಣೆಗೂ ಅಂಕ ಇಡ್ಬಾರ್ದಾ?’ ಅಂದೆ.

‘ಎಂಥ ಮಾತು ಹೇಳ್ದೆ ಮಾರಾಯ! ನೂರಕ್ಕೆ ಮೂವತ್ತು ಇಡ್ತೀನಿ. ಒಂದು ತಪ್ಪಿಗೆ ಐದು ಕಟ್!’

ಗುರಿ ಅತೀಕ್ ಒಬ್ಬನೇ. ನೇತ್ರಾವತಿಗೆ ಏನೂ ಆಗುವುದಿಲ್ಲ. ಇನ್ನು ಐದು ದಿನ ನಾನೇ ಕೂರಿಸಿ ಅಭ್ಯಾಸ ಮಾಡಿಸುತ್ತೇನೆ. ಕೊನೆಗೂ ಅವಳಿಗೆ ನನ್ನ ಅಗತ್ಯ ಬೀಳುತ್ತದೆ. ಇದನ್ನು ಕ್ರೌರ್ಯ ಎನ್ನಲಾಗದು. ಮಿತವ್ಯಯ.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ. ಅಭ್ಯಾಸ ಮಾಡಿಸಲು ಹೋದೆ. ‘ನಾಲಿಗೆ ಮಡಚಿ, ಮೇಲಕ್ಕೆ. ಣ.’

‘ಈಗ್ಯಾಕ್ರೀ ಅದು? ಗುಬ್ಬೀಲಿ ಯಾರೂ ನಗ್ಲಿಲ್ಲ. ಮೊದಲ್ನೇ ಸಲ ನಂಗೆ ಅದು ನೆನಪೇ ಆಗ್ಲಿಲ್ಲ, ಗೊತ್ತಾ? ಮತ್ತೆ ನೆನಪು ಮಾಡಿಸ್ಬೇಡಿ.’

ನಿಯಮದ ವಿಷಯ ಹೇಳಬೇಕಿತ್ತು. ಹೇಳಿದರೆ ನನಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ಬರುತ್ತದೆ.

ಒಬ್ಬಟ್ಟು ಚೆನ್ನಾಗಿ ಬಂದಿತ್ತು. ಹತ್ತನ್ನು ಸ್ಟೀಲ್ ಡಬ್ಬಿಗೆ ಹಾಕಿದಳು, ಅತೀಕನ ಅಮ್ಮನಿಗಂತೆ. ನನಗೆ ಮೂರು. ಎಣಿಸುವುದು ನನ್ನ ಸ್ವಭಾವವಲ್ಲ.

ಆಗಸ್ಟ್ 9, ಶನಿವಾರ

ಕುಣಿಗಲ್ಲಿನಿಂದ ಬಂದೆವು. ಊಟ ಬೇಡ ಅನ್ನಿಸಿತು.

ಆಗಸ್ಟ್ 10, ಭಾನುವಾರ

ಬರೆಯಬೇಕು.

ಶಿವರಾಮಯ್ಯ ಮೈಕ್ ಹಿಡಿದ. ‘ಈ ಸಲ ಉಚ್ಚಾರಣೆಗೆ ಮೂವತ್ತು ಅಂಕ. ಅದ್ರಲ್ಲೂ ಣ-ನ ತಪ್ಪಿದ್ರೆ ಐದೈದು ಕಟ್. ಈ ಐಡಿಯಾ ನಂದಲ್ಲಪ್ಪ! ಅಲ್ಲಿ ಮೂರನೇ ಸಾಲಲ್ಲಿ ಕೂತವ್ರಲ್ಲ, ನನ್ನ ಗೆಳೆಯ ಅನಂತರಾಜು, ಅವ್ರದ್ದು. ಕನ್ನಡದ ಮೇಲೆ ಎಂಥ ಕಾಳಜಿ ನೋಡಿ! ಒಂದ್ಸಲ ಎದ್ದು ನಿಲ್ಲಯ್ಯ!’

ಎದ್ದು ನಿಂತೆ. ಚಪ್ಪಾಳೆ ಹೊಡೆದರು. ವೇದಿಕೆಯ ಮೇಲೆ ಇಬ್ಬರು ಹೊಡೆಯಲಿಲ್ಲ.

ಪರ ಪಕ್ಷದ ಪುಟ್ಟರಂಗಯ್ಯ ಮೊದಲು ಮಾತಾಡಿದರು. ‘ಒಂದೇ ಏಟು, ಯುದ್ಧ ಖಲಾಸ್! ಎಳೆದೆಳೆದು ಸಾಯೋದಕ್ಕಿಂತ ಅದೇ ಧರ್ಮ!’ ನನ್ನದೇ ವಾದ. ಬೇರೆಯವರ ಬಾಯಲ್ಲಿ, ಜೋರಾಗಿ, ಬೆಳ್ಳಂಬೆಳಗ್ಗೆ ಕೇಳಿದರೆ ಅದು ಸ್ವಲ್ಪ ಬೇರೆ ಥರ ಕೇಳಿಸುತ್ತದೆ.

ಅತೀಕ್ ಎದ್ದ. ‘ನಮ್ಮ ಮನೆ ಮಾತಿನಲ್ಲಿ ಆ ಅಕ್ಷರ ಇಲ್ಲ ಸ್ವಾಮಿ. ಕಲಿಯೋಕೆ ಆಸೆ ಇತ್ತು, ಕಲಿಸೋರಿಗೆ ಬಿಡುವಿರಲಿಲ್ಲ. ಮೂವತ್ತು ಅಂಕ ಈಗ್ಲೇ ಕಳೆದುಬಿಡಿ. ಉಳಿದ ಎಪ್ಪತ್ತಕ್ಕೆ ನನ್ನ ಮಾತು ಕೇಳಿ.’ ಸಭೆ ಅವನದಾಯಿತು. ಎದೆಯುಬ್ಬಿಸಿ ಏಳು ಸಲ ‘ಅನುಬಾಂಬು’ ಅಂದ. ಗುರಿಯ ಮೇಲೆ ಬಿದ್ದದ್ದು ಸಿಡಿಯಲೇ ಇಲ್ಲ.

ಆಮೇಲೆ ನೇತ್ರಾವತಿ.

‘ಗೌರವಾನ್ವಿತರೇ’ ಚೆನ್ನಾಗಿ ಬಂತು. ಮುಂದೆ ‘ಅ...’ ಎಂದು ನಿಂತಳು. ನಾಲಿಗೆ ಮಡಚಿ ಮೇಲಕ್ಕೆ ಇಡುವುದು ನನಗೆ ಮೂರನೇ ಸಾಲಿನಿಂದಲೇ ಕಾಣುತ್ತಿತ್ತು. ಅಕ್ಷರ ಬರಲಿಲ್ಲ. ‘ಅದು’ ಅಂದಳು. ‘ಅದನ್ನ ಹಾಕಿದ್ರೆ...’ ಮತ್ತೆ ನಿಂತಳು. ಮುಂದಿನ ಪದ ‘ಪರಿಣಾಮ’ ಇರಬೇಕು. ‘ಕರು...’ ಅಂದು ನಿಂತಳು. ‘ಪ್ರಾ...’ ಅಂದು ನಿಂತಳು. ಈ ಹಾಳು ವಿಷಯದಲ್ಲಿ ಎಷ್ಟೊಂದು ಣ! ಪ್ರಾಣ, ಕರುಣೆ, ಮರಣ, ಕಾರಣ.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಮೂರನೇ ಪುಟಕ್ಕೆ ಬರಲೇ ಇಲ್ಲ. ಹಾಳೆ ಮಡಚಿ ಕೈಮುಗಿದು ಇಳಿದಳು. ಕೊಟ್ಟ ಐದು ನಿಮಿಷದಲ್ಲಿ ಎರಡು ನಿಮಿಷವೂ ಮುಗಿದಿರಲಿಲ್ಲ.

ಬಸ್ಸಿನಲ್ಲಿ ಪಕ್ಕದಲ್ಲೇ ಕೂತಳು. ಬೇರೆ ಸೀಟು ಖಾಲಿ ಇತ್ತು, ಆದರೂ. ಹೆಬ್ಬೂರು ದಾಟಿದ ಮೇಲೆ ಕೇಳಿದಳು.

‘ಯುದ್ಧ ಮುಗೀತೇನ್ರೀ?’

‘ಹೂಂ’ ಅಂದೆ.

‘ಯಾರು ಗೆದ್ರು?’

ತುಮಕೂರು ಬರುವವರೆಗೆ ಒಂದೂ ಶ್ಲೇಷೆ ಹೊಳೆಯಲಿಲ್ಲ.

ಆಗಸ್ಟ್ 13, ಬುಧವಾರ

ಅವಳು ಮಾತು ಬಿಟ್ಟಿಲ್ಲ. ಎಂದಿನಂತೆ ಮಾತಾಡುತ್ತಾಳೆ. ಆದರೆ ಬೆಳಗ್ಗೆ, ‘ಒಗ್ಗರಣೆಗೆ’ ಅನ್ನಲು ಹೋಗಿ ನಿಲ್ಲಿಸಿ ‘ಸಾಸಿವೆ ಹಾಕೋಕೆ’ ಅಂದಳು. ಅಂಗಡಿಯಿಂದ ತರಬೇಕಾದದ್ದನ್ನು ‘ಕಡ್ಲೆಕಾಯ್ದು ಒಂದ್ ಲೀಟರ್’ ಅಂದಳು. ಎಣ್ಣೆ ಅವಳಿಗೆ ಯಾವಾಗಲೂ ಸರಿಯಾಗಿಯೇ ಬರುತ್ತಿತ್ತು. ಎಣ್ಣೆ, ಬೆಣ್ಣೆ, ಸುಣ್ಣಕ್ಕೆ ನಾನು ಏನೂ ಮಾಡಿರಲಿಲ್ಲ.

ಅಮ್ಮ ಕೇಳಿದಳು: ‘ಏನ್ಲಾ, ಅವ್ಳು ಎಣ್ಣೆ ಅನ್ನಾಕೂ ಯೋಚ್ನೆ ಮಾಡ್ತವ್ಳೆ? ಏನ್ ಮಾಡ್ದೆ ನೀನು?’

ಬಾಂಬಿಗೆ ವಿಳಾಸ ಇರುತ್ತದೆ.

ಆಗಸ್ಟ್ 17, ಭಾನುವಾರ

ಅತೀಕ್ ಬಂದಿದ್ದ, ಒಬ್ಬಟ್ಟಿನ ಡಬ್ಬಿ ಕೊಡಲು. ಡಬ್ಬಿ ಖಾಲಿ ಕೊಡಬಾರದೆಂದು ಅವನಮ್ಮ ಖರ್ಜೂರ ತುಂಬಿ ಕಳಿಸಿದ್ದರು. ನೇತ್ರಾವತಿ ಅಮ್ಮನನ್ನು ಕರೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಳು. ಜಗಳವಾಡುತ್ತಾನೆ ಅಂದುಕೊಂಡೆ; ಆಡಿದ್ದರೆ ನನಗೆ ಅನುಕೂಲ. ಅವನು ಆಡಲಿಲ್ಲ.

‘ಒಂದು ಮಾತು ಕೇಳ್ಬೇಕು’ ಎಂದು ನಾನೇ ಶುರುಮಾಡಿದೆ. ‘ಆ ಭಾಷಣ, ಗಾಳಿಗೆ ವಿಳಾಸ ಇಲ್ಲ ಅನ್ನೋದು... ನೀವು ಬರೆದದ್ದಾ?’

ಅವನಿಗೆ ನಗು ಬಂತು. ‘ಅಷ್ಟು ಬರೆಯೋಕೆ ಬಂದಿದ್ರೆ ನಾನ್ಯಾಕೆ ಸರ್ ವಿಜ್ಞಾನ ತಗೋತಿದ್ದೆ? ಪೂರ್ತಿ ಮೇಡಂದೇ. ನಾನು ಕೊಟ್ಟಿದ್ದು ಎರಡು ಅಂಕಿ. ಶಾಖ ಎಷ್ಟು ಡಿಗ್ರಿ, ಎಷ್ಟು ದೂರ ಅಂತ. ನನ್ನ ಮಾತನ್ನೂ ಅರ್ಧ ಅವ್ರೇ ತಿದ್ದಿದ್ದು.’

ಶೋಕೇಸಿನ ಹತ್ತಿರ ಹೋಗಿ ಪದಕ ನೋಡಿದ. ‘ಇದೇ ಅಲ್ವಾ ಸರ್? ಮೇಡಂ ಬಸ್ಸಲ್ಲಿ ಯಾವಾಗ್ಲೂ ಹೇಳ್ತಾರೆ. ಅವತ್ತು ನೀವು ಮಾತಾಡ್ತಿದ್ರೆ ಸಭೇಲಿ ಉಸಿರಾಡೋ ಸದ್ದೂ ಇರಲಿಲ್ಲವಂತೆ. ಒಂದೊಂದು ಮಾತೂ ನೆನಪಿದೆ ಅಂತಾರೆ. ಅಂಥದ್ದನ್ನ ಹೇಗೆ ಬರೆದ್ರಿ ಸರ್?’

ಅಂದರೆ ಶಿರಾ ಗೇಟಿನಲ್ಲಿ ಕೈ ಬೀಸಿ ಹೇಳುತ್ತಿದ್ದದ್ದು ಇದನ್ನೇ. ಅವನಿಗೂ ಹೇಳಿಲ್ಲ. ಕುಣಿಗಲ್ ಆದ ಮೇಲೂ ಹೇಳಿಲ್ಲ. ಅವಳ ಕೈಯಲ್ಲೂ ಒಂದು ಬಾಂಬ್ ಇತ್ತು. ನನ್ನನ್ನು ಒಂದೇ ವಾಕ್ಯದಲ್ಲಿ ಬೂದಿ ಮಾಡಬಹುದಿತ್ತು. ಇಪ್ಪತ್ತೇಳು ವರ್ಷ ಇಟ್ಟುಕೊಂಡಿದ್ದಾಳೆ, ಹಾಕಿಲ್ಲ.

ಅತೀಕನಿಗೆ ಏನೋ ಹೇಳಿ ಕಳಿಸಿದೆ. ಮುಂದಿನ ಭಾನುವಾರದಿಂದ ಣ ಹೇಳಿಕೊಡುತ್ತೇನೆ ಅಂದೆ. ನೇತ್ರಾವತಿ ಡಾಕ್ಟರ ಹತ್ತಿರದಿಂದ ಬಂದು ಬ್ಯಾಗ್ ಇಟ್ಟು ಒಳಗೆ ಹೋದಾಗ, ಮೂರನೇ ಪುಟವನ್ನು ಅದಕ್ಕೆ ವಾಪಸ್ ಇಟ್ಟೆ, ಜೊತೆಗೆ ಎರಡು ಪೆಪ್ಪರ್‌ಮೆಂಟ್. ಇಡುವಾಗ ಬಾಗಿಲಲ್ಲಿ ನಿಂತಿದ್ದಳು. ‘ಅದು ನಿಮ್ಮ ಹತ್ರಾನೇ ಇದೆ ಅಂತ ಗೊತ್ತಿತ್ತು. ಹಳೇ ಅಭ್ಯಾಸ’ ಅಂದಳು.

ಸತ್ಯವನ್ನೇ ಹೇಳುತ್ತೇನೆ ಎಂದು ಮೊದಲ ಪುಟದಲ್ಲಿ ಪ್ರಮಾಣ ಮಾಡಿದ್ದೆ.

1998ರಲ್ಲಿ ಕ್ಷಮೆ ಕೇಳಲು ಹೋದ ಸಂಜೆ, ಅವಳು ಕಾಲೇಜಿನ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಳು. ನಾಲ್ಕು ಹಾಳೆ ನನ್ನ ಕೈಗೆ ಕೊಟ್ಟು, ‘ನನ್ ನಾಲಿಗೆಗೆ ಆಗಲ್ಲ, ನೀವಾದ್ರೂ ಹೇಳಿ’ ಅಂದಳು. ಚೀಟಿಯಲ್ಲಿ ಅವಳಿಗೆ ಬಂದಿದ್ದು ‘ಪರ’. ಕೊಳೆತ ಬೆರಳು, ವೈದ್ಯ, ಕಟುಕ, ಕರುಣೆಯ ಗಣಿತ, ಎಲ್ಲವೂ ಅವಳದು. ಹದಿನೆಂಟನೇ ವಯಸ್ಸಿನಲ್ಲಿ ಬರೆದ ವಾದವನ್ನು ನಲವತ್ತೈದಕ್ಕೆ ಅವಳೇ ಹರಿದು ಹಾಕಿದಳು. ನಾನು ಇನ್ನೂ ಅದನ್ನೇ ಹೇಳಿಕೊಂಡು ಓಡಾಡುತ್ತಿದ್ದೇನೆ.

ಆ ಹಾಳೆಗಳು ಪದಕದ ಪೆಟ್ಟಿಗೆಯ ತಳದಲ್ಲಿವೆ. ಈಗ ತೆಗೆದು ನೋಡಿದೆ. ಅವಳು ‘ಅನುಬಾಂಬು’ ಎಂದು ಬರೆದಲ್ಲೆಲ್ಲ ಕೆಂಪು ಪೆನ್ನಿನಲ್ಲಿ ತಿದ್ದಿದ್ದೇನೆ. ಬೇರೆ ಎಲ್ಲೂ ಕೈಯಾಡಿಸಿಲ್ಲ, ಆಡಿಸುವ ಯೋಗ್ಯತೆಯೂ ಇರಲಿಲ್ಲ.

ಚಿನ್ನದ ಪದಕ ಗೆದ್ದ ಆ ಭಾಷಣದಲ್ಲಿ ನನ್ನದು ಒಂದೇ ಒಂದು ಅಕ್ಷರ. ಣ.